ಆಳಂದದ ಬಿಸಿಲು, ಜೇವರ್ಗಿಯ ಧೂಳು: ನಮ್ಮ ಟರ್ಬೊ ಕಾರಿಗೆ ಬೇಕಾದ ಆರೈಕೆ

ನಮ್ಮ ಮನೆಯಂಗಳದಲ್ಲಿ ನಿಂತಿರುವ ಕಾರಿಗೆ ಟರ್ಬೊ ಉಂಟಾ ಇಲ್ಲವಾ ಎಂದು ಕೇಳಿದರೆ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಕಾರಿನ ಬಣ್ಣ ಗೊತ್ತು, ಮೈಲೇಜ್ ಗೊತ್ತು, ಬ್ಯಾಂಕಿನ ಕಂತಿನ ತಾರೀಕಂತೂ ಬಾಯಿಪಾಠ. ಆದರೆ ಇಂಜಿನ್‌ನ ಪಕ್ಕದಲ್ಲಿ ಅಂಗೈಯಗಲದ ಒಂದು ಸಾಧನ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸಲ ತಿರುಗುತ್ತಿದೆ, ಅದು ಹೋದರೆ ಹತ್ತಾರು ಸಾವಿರ, ಕೆಲವು ಕಾರುಗಳಲ್ಲಿ ಲಕ್ಷಕ್ಕೂ ಮೇಲೆ ಖರ್ಚು ಬರುತ್ತದೆ ಎಂಬುದು ಗೊತ್ತಾಗುವುದು ಗ್ಯಾರೇಜಿನ ಬಿಲ್ ಕೈಗೆ ಬಂದಾಗ. ಅಪಘಾತದಲ್ಲಿ ಕಾರು ಜಖಂ ಆದರೆ ವಿಮೆ ಉಂಟು. ಆಯಿಲ್ ಇಲ್ಲದೆ ಟರ್ಬೊ ಸುಟ್ಟರೆ ಸಾಮಾನ್ಯ ವಿಮೆಯಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ. ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಕೊಂಡ ಕಾರಿನ ಆ ನಷ್ಟ ಪೂರ್ತಿ ಮನೆಯವರ ತಲೆಗೇ.

ಈ ವಿಷಯ ಈಗ ಬರೆಯಲು ಒಂದು ಕಾರಣವಿದೆ. ಕರಾವಳಿಯ ನಮ್ಮ ಕಾರುಗಳು ಈಗ ಮಂಗಳೂರು, ಬಂಟ್ವಾಳ, ಪುತ್ತೂರು ಎಂದು ಸುತ್ತುವುದಷ್ಟೇ ಅಲ್ಲ. ಕಲಬುರಗಿಯ ಬಂದೇನವಾಝ್ ದರ್ಗಾ, ಆಳಂದದ ಲಾಡ್ಲೆ ಮಶಾಕ್ ದರ್ಗಾಗಳಿಗೆ ಝಿಯಾರತ್‌ಗೆ ಹೋಗುವವರಿದ್ದಾರೆ. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಬಿಡಲು ಹೋಗುವವರಿದ್ದಾರೆ. ವ್ಯಾಪಾರಕ್ಕೆ, ಸರಕಾರಿ ಕೆಲಸಕ್ಕೆ ಹೋದವರೂ ಇದ್ದಾರೆ. ಮಂಗಳೂರಿನಿಂದ ಅಲ್ಲಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಘಾಟಿ ಹತ್ತಬೇಕು, ಚಿತ್ರದುರ್ಗ, ಹೊಸಪೇಟೆ ದಾಟಿ ಬಯಲಿಗೆ ಇಳಿಯಬೇಕು. ಮಳೆಯ ಊರಿನ ಗಾಡಿ ಬಿಸಿಲ ಊರಿಗೆ ಹೋಗುವಾಗ ಅದರ ಆರೈಕೆಯ ಲೆಕ್ಕವೂ ಬದಲಾಗಬೇಕು. ನಾವು ಹೇಳಹೊರಟದ್ದು ಇಷ್ಟೆ: ಟರ್ಬೊ ತಾನಾಗಿ ಸಾಯುವುದು ಅಪರೂಪ. ಹೆಚ್ಚಾಗಿ ಅದನ್ನು ಕೊಲ್ಲುವುದು ಕೊಳೆತ ಆಯಿಲ್, ಧೂಳು ಮತ್ತು ನಮ್ಮ ಅವಸರ. ಮೂರೂ ನಮ್ಮ ಕೈಯಲ್ಲೇ ಇರುವಂಥವು.

ಟರ್ಬೊ ಎಂದರೆ ಎಂಥದು?

ಇಂಜಿನ್ ಉಸಿರಾಡುತ್ತದೆ. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಸೈಲೆನ್ಸರ್ ಕಡೆಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಸಲಾಕೆಯ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬಿಸುವುದೇ ಟರ್ಬೊ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬೂಚಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಮೊದಲು ಹಡಗು, ವಿಮಾನಗಳಿಗೆ ಬಂತು. 1962ರಲ್ಲಿ ಅಮೆರಿಕದಲ್ಲಿ ಕಾರಿಗೆ ಬಂತು. 1978ರಲ್ಲಿ ಮರ್ಸಿಡಿಸ್ ತನ್ನ ಡೀಸೆಲ್ ಕಾರಿಗೆ ಹಾಕಿತು.

ನಮ್ಮ ದೇಶದಲ್ಲಿ 2002ರ ಸ್ಕಾರ್ಪಿಯೊ, 2007ರ ಸ್ವಿಫ್ಟ್ ಡೀಸೆಲ್ ಇದನ್ನು ಮನೆಮನೆಗೆ ತಲುಪಿಸಿದವು. ಸ್ವಿಫ್ಟ್‌ನಲ್ಲಿದ್ದ ಫಿಯೆಟ್‌ನ 1248 ಸಿಸಿ ಇಂಜಿನ್ ಟಾಟಾದ ಕಾರುಗಳಲ್ಲೂ ಬಂತು. ಎಷ್ಟು ಕಾರುಗಳಲ್ಲಿ ಬಂತೆಂದರೆ ಅದನ್ನು ‘ದೇಶದ ಇಂಜಿನ್’ ಎಂದೇ ಕರೆದರು. ಆಮೇಲೆ ನೆಕ್ಸಾನ್, ವೆನ್ಯೂ ಮುಂತಾದವುಗಳ ಜತೆ ಪೆಟ್ರೋಲ್ ಟರ್ಬೊ ಕೂಡ ಸಾಮಾನ್ಯವಾಯಿತು. ಇದಕ್ಕೆ ತೆರಿಗೆಯೂ ಕಾರಣ. ನಾಲ್ಕು ಮೀಟರಿಗಿಂತ ಗಿಡ್ಡ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರಿಗೆ ತೆರಿಗೆ ಕಡಿಮೆ. ಹಾಗಾಗಿ ಕಂಪೆನಿಗಳು ಇಂಜಿನ್ ಸಣ್ಣದು ಮಾಡಿ, ಕೊರತೆಯನ್ನು ಟರ್ಬೊದಿಂದ ತುಂಬಿಸಿದವು. ಸಣ್ಣ ಇಂಜಿನ್‌ನಿಂದ ದೊಡ್ಡ ಕೆಲಸ ತೆಗೆಯುವಾಗ ಬಿಸಿಯೂ ಒತ್ತಡವೂ ಹೆಚ್ಚು. ಹಳೇ ಅಂಬಾಸಿಡರ್, ಮಾರುತಿ 800 ತಡೆದುಕೊಂಡಷ್ಟು ನಿರ್ಲಕ್ಷ್ಯವನ್ನು ಈ ಇಂಜಿನ್ ತಡೆದುಕೊಳ್ಳುವುದಿಲ್ಲ ಮಾರಾಯ್ರೆ.

ಮೂರು ತಾಲೂಕು, ಮೂರು ಪರೀಕ್ಷೆ

ಆಳಂದ, ಅಫಜಲಪುರ, ಜೇವರ್ಗಿ – ಮೂರೂ ಕಲಬುರಗಿ ಜಿಲ್ಲೆಯವು. ಎರೆ ಮಣ್ಣಿನ ಬಯಲು. ತೊಗರಿ, ಜೋಳ, ಕಡಲೆ ಬೆಳೆಯುವ ನೆಲ. ಆಳಂದ, ಅಫಜಲಪುರ ಕಡೆ ಕಬ್ಬೂ ಉಂಟು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಕೆಲವು ದಿನ 44ರವರೆಗೂ ಏರುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ಮತ್ತು ಧೂಳು ಗಾಳಿಯಲ್ಲೇ ಇರುತ್ತದೆ. ಕಬ್ಬಿನ ಟ್ರ್ಯಾಕ್ಟರ್‌ನ ಹಿಂದೆ ಸಿಕ್ಕಿಬಿದ್ದರೆ ಕಿಲೋಮೀಟರ್‌ಗಟ್ಟಲೆ ಧೂಳು ಕುಡಿದುಕೊಂಡೇ ಹೋಗಬೇಕು. ಎರೆ ಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣುಪು, ಒದ್ದೆಯಾದರೆ ಚಕ್ರಕ್ಕೂ ರೇಡಿಯೇಟರ್‌ಗೂ ಅಂಟಿನಂತೆ ಮೆತ್ತಿಕೊಳ್ಳುತ್ತದೆ.

ನಮ್ಮ ಕಾರಿನ ಜತೆ ಬಂದ ಪುಸ್ತಕವನ್ನು ತೆರೆದು ನೋಡಿ. ಸರ್ವಿಸ್‌ನ ಪಟ್ಟಿ ಸಾಮಾನ್ಯವಾಗಿ ಎರಡು ಇರುತ್ತದೆ. ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಧೂಳಿನ ದಾರಿ, ಅತಿ ಬಿಸಿಲು, ಭಾರ ಹೊತ್ತು ಘಾಟಿ ಹತ್ತುವುದು, ಪೇಟೆಯೊಳಗಿನ ಸಣ್ಣಸಣ್ಣ ಓಡಾಟ – ಇವೆಲ್ಲ ಎರಡನೆಯದಕ್ಕೆ ಸೇರುತ್ತವೆ. ನಾವು ಓದುವುದು ಮೊದಲನೆಯದನ್ನು, ಓಡಿಸುವುದು ಎರಡನೆಯದರಂತೆ. ಜೇವರ್ಗಿಯಲ್ಲಿ ನೆಲೆಸಿರುವವರಿಗೂ ಮಂಗಳೂರಿನಲ್ಲಿ ದಿನಕ್ಕೆ ಐದು ಕಿಲೋಮೀಟರ್ ಓಡಿಸುವವರಿಗೂ ಅನ್ವಯಿಸುವುದು ಆ ಎರಡನೆಯ ಪಟ್ಟಿಯೇ.

ಆಯಿಲ್: ಇದೊಂದು ಸರಿ ಇದ್ದರೆ ಅರ್ಧ ಗೆದ್ದಂತೆ

ಟರ್ಬೊದ ಸಲಾಕೆ ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಆ ಪದರ ಕೂದಲೆಳೆಗಿಂತಲೂ ತೆಳು. ಆಯಿಲ್‌ನಲ್ಲಿ ಕಿಟ್ಟ ಸೇರಿದರೆ, ಆಯಿಲ್ ಕಡಿಮೆಯಾದರೆ ಮೊದಲ ಪೆಟ್ಟು ಬೀಳುವುದು ಅಲ್ಲಿಗೆ. ಇಂಜಿನ್ ಇನ್ನೂ ಸರಿಯಾಗಿ ಓಡುತ್ತಿರುವಾಗಲೇ ಟರ್ಬೊದ ಬೇರಿಂಗ್ ಸವೆದಿರುತ್ತದೆ.

ಅನೇಕ ಕಂಪೆನಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಲು ಹೇಳುತ್ತವೆ. ಕೆಲವದರಲ್ಲಿ 15,000 ಎಂದಿರುತ್ತದೆ. ಕಠಿಣ ಬಳಕೆಗೆ ಹಲವು ಪುಸ್ತಕಗಳಲ್ಲಿ ಇದು ಅರ್ಧಕ್ಕೆ ಇಳಿಯುತ್ತದೆ. ‘ಕಿಲೋಮೀಟರ್ ಆಗಿಲ್ಲವಲ್ಲ’ ಎಂದು ಎರಡು ವರ್ಷ ಅದೇ ಆಯಿಲ್‌ನಲ್ಲಿ ಓಡಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಓಡದೆ ನಿಂತ ಕಾರಿನ ಆಯಿಲ್ ಕೂಡ ಹಾಳಾಗುತ್ತದೆ. ಮಗ ಗಲ್ಫ್‌ನಿಂದ ರಜೆಗೆ ಬಂದಾಗ ಮಾತ್ರ ಅಂಗಳದಿಂದ ಹೊರಡುವ ಕಾರಿಗೆ ವರ್ಷದ ಲೆಕ್ಕವೇ ಮುಖ್ಯ.

ದರ್ಜೆ ಪುಸ್ತಕದಲ್ಲಿ ಬರೆದದ್ದೇ ಇರಲಿ. 5ಡಬ್ಲ್ಯು-30 ಎಂದಿದ್ದರೆ ಅಂಗಡಿಯವನು ‘ಬಿಸಿಲ ಊರಿಗೆ ದಪ್ಪ ಆಯಿಲ್ ಒಳ್ಳೇದು’ ಎಂದು 20ಡಬ್ಲ್ಯು-50 ಕೊಟ್ಟರೆ ತೆಗೆದುಕೊಳ್ಳಬೇಡಿ. ಅಷ್ಟು ದಪ್ಪದ್ದು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊಗೆ ತಡವಾಗಿ ತಲುಪುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಿಗೆ ಕಡಿಮೆ ಬೂದಿ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಸೈಲೆನ್ಸರ್‌ನ ಹೊಗೆ ಫಿಲ್ಟರ್ ಕಟ್ಟುತ್ತದೆ. ಆಯಿಲ್ ಜತೆ ಫಿಲ್ಟರ್ ಕೂಡ ಬದಲಿಸಿ. ಫಿಲ್ಟರ್‌ನಲ್ಲಿ ಕೆಲವು ನೂರು ರೂಪಾಯಿ ಉಳಿಸಿದರೆ ಹೊಸ ಆಯಿಲ್ ಹಳೇ ಕಿಟ್ಟದಲ್ಲೇ ಓಡುತ್ತದೆ.

ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುವುದನ್ನು ಮನೆಯ ಮಕ್ಕಳಿಗೆ ಕಲಿಸಿ. ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಆಗಿರಬೇಕು. ಎರಡು ಗೆರೆಗಳ ನಡುವೆ ಆಯಿಲ್ ಇದ್ದರೆ ಸರಿ. ಟರ್ಬೊ ಇಂಜಿನ್ ಸ್ವಲ್ಪ ಆಯಿಲ್ ಕುಡಿಯುವುದುಂಟು. ದೂರ ಹೊರಡುವ ಮುಂಚಿನ ರಾತ್ರಿ ಇದನ್ನು ನೋಡದೆ ಘಾಟಿ ಹತ್ತಬೇಡಿ.

ಒಂದು ನಿಮಿಷದ ತಾಳ್ಮೆ

ಹೆದ್ದಾರಿಯಲ್ಲಿ ರಭಸದಿಂದ ಬಂದು ಹೋಟೆಲ್ ಮುಂದೆ ನಿಲ್ಲಿಸಿದ ತಕ್ಷಣ ಕೀ ತಿರುಗಿಸಿ ಆಫ್ ಮಾಡುವುದು ನಮ್ಮಲ್ಲಿ ಹಲವರ ಅಭ್ಯಾಸ. ಆಗ ಏನಾಗುತ್ತದೆ? ಟರ್ಬೊ ಕೆಂಪಗೆ ಕಾದಿರುತ್ತದೆ, ಸಲಾಕೆ ಇನ್ನೂ ತಿರುಗುತ್ತಿರುತ್ತದೆ. ಇಂಜಿನ್ ನಿಂತೊಡನೆ ಆಯಿಲ್ ಪಂಪ್ ನಿಲ್ಲುತ್ತದೆ. ಒಳಗೆ ಉಳಿದ ಆಯಿಲ್ ಅಲ್ಲೇ ಕರಕಲಾಗುತ್ತದೆ, ಬಾಣಲೆಯನ್ನು ಒಲೆಯ ಮೇಲೆಯೇ ಮರೆತರೆ ಎಣ್ಣೆ ತಳ ಹಿಡಿಯುವ ಹಾಗೆ. ಅದು ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ಪದರದ ಮೇಲೆ ಪದರ ಸೇರಿ ಆಯಿಲ್ ಬರುವ ಸಣ್ಣ ಕೊಳವೆಯೇ ಮುಚ್ಚಿಹೋಗುತ್ತದೆ.

ಹೊಸ ಕಾರುಗಳಲ್ಲಿ ಟರ್ಬೊಗೆ ನೀರಿನ ತಂಪೂ ಇರುತ್ತದೆ. ಕೆಲವದರಲ್ಲಿ ಕೀ ತೆಗೆದ ಮೇಲೂ ಸಣ್ಣ ಪಂಪ್ ಓಡುತ್ತದೆ. ಆದರೂ ಘಾಟಿ ಹತ್ತಿದ ಮೇಲೆ, ಸಿಂದಗಿಯಿಂದ ಜೇವರ್ಗಿವರೆಗೆ ಒಂದೇ ಸಮನೆ ಓಡಿಸಿದ ಮೇಲೆ ಒಂದು ನಿಮಿಷ ಇಂಜಿನ್ ಅನ್ನು ಅದರ ಪಾಡಿಗೆ ಬಿಡಿ. ಮಕ್ಕಳು ಇಳಿದು, ಡಿಕ್ಕಿಯಿಂದ ಬ್ಯಾಗ್ ತೆಗೆಯುವಷ್ಟು ಹೊತ್ತು ಸಾಕು. ಆ ಕಡೆಯ ಕ್ರೂಸರ್ ಡ್ರೈವರ್‌ಗಳು ‘ಸ್ವಲ್ಪ ಹೊತ್ತು ಚಾಲೂ ಇರ್ಲಿ ಬಿಡ್ರಿ’ ಎನ್ನುವುದು ಸುಮ್ಮನೆ ಅಲ್ಲ. ಊರೊಳಗೆ ನಿಧಾನಕ್ಕೆ ಓಡಿಸಿ ಬಂದಿದ್ದರೆ ಕಾಯುವ ಅಗತ್ಯವೇ ಇಲ್ಲ.

ಬೆಳಗ್ಗೆಯೂ ಹಾಗೆಯೇ. ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಿ ಭರ್ ಎನ್ನಿಸಬೇಡಿ. ಅರ್ಧ ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರ್ ಸಮಾಧಾನದಲ್ಲಿ ಹೋಗಿ.

ಧೂಳು ಮತ್ತು ಉಸಿರು

ಏರ್ ಫಿಲ್ಟರ್ ದಾಟಿ ಒಳಹೋದ ಧೂಳಿನ ಕಣ ಅಷ್ಟು ವೇಗದಲ್ಲಿ ತಿರುಗುವ ಚಕ್ರದ ಅಲಗಿಗೆ ಮರಳಿನ ಕಲ್ಲಿನಂತೆ ಬಡಿಯುತ್ತದೆ. ಅಲಗು ಸವೆದರೆ ಚಕ್ರದ ಸಮತೋಲ ತಪ್ಪುತ್ತದೆ, ಬೇರಿಂಗ್ ಹೋಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೊಮ್ಮೆ ಬದಲಿಸುವ ಫಿಲ್ಟರ್ ಅಲ್ಲಿ ಒಂದೇ ಸುಗ್ಗಿಯಲ್ಲಿ ತುಂಬಬಹುದು. ಆ ಭಾಗದಲ್ಲೇ ಇರುವವರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು. ಕಾಗದದ ಫಿಲ್ಟರ್ ಅನ್ನು ನೀರಲ್ಲಿ ತೊಳೆಯಬಾರದು. ಗಾಳಿ ಹೊಡೆಸುವಾಗ ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡ ಕೊಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ತೂತು ಬಿದ್ದ ಸ್ವಚ್ಛ ಫಿಲ್ಟರ್‌ಗಿಂತ ಸ್ವಲ್ಪ ಕೊಳೆಯಾದ ಫಿಲ್ಟರ್ ಮೇಲು. ಸಂಶಯ ಇದ್ದರೆ ಹೊಸದೇ ಹಾಕಿ.

ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನೂ ಅದರ ಕ್ಲಿಪ್ಪನ್ನೂ ನೋಡಿ. ಬಿಸಿಲಿಗೆ ರಬ್ಬರ್ ಬಿರಿದರೆ ಧೂಳು ಫಿಲ್ಟರಿನ ಹಂಗಿಲ್ಲದೆ ಒಳಗೆ ಹೋಗುತ್ತದೆ. ಮುಂದಿನ ಜಾಲರಿಯ ಹಿಂದೆ ಇರುವ ಇಂಟರ್‌ಕೂಲರ್, ರೇಡಿಯೇಟರ್‌ಗಳಲ್ಲಿ ಹುಳ, ತೊಗರಿ ಹೊಟ್ಟು, ಎರೆ ಮಣ್ಣು ಸಿಕ್ಕಿಕೊಂಡರೆ ಮೆಲ್ಲಗೆ ನೀರು ಹಾಯಿಸಿ ತೆಗೆಸಿ.

ತಂಪು ಮಾಡುವ ನೀರು, ಮುಳುಗಿಸುವ ನೀರು

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಬಿಡಬೇಕು. ಬಯಲುಸೀಮೆಯ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ, ತಂಪು ಕಡಿಮೆಯಾದರೆ ಟರ್ಬೊ ಮತ್ತಷ್ಟು ಕಾಯುತ್ತದೆ. ಕಂಪೆನಿ ಹೇಳಿದ ಕೂಲೆಂಟ್ ಮಾತ್ರ ಹಾಕಿ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ಉಷ್ಣಾಂಶದ ಮುಳ್ಳು ಮೇಲೇರಿದರೆ ಏಸಿ ಆಫ್ ಮಾಡಿ, ಬದಿಗೆ ನಿಲ್ಲಿಸಿ, ಪೂರ್ತಿ ಆರಿದ ಮೇಲೆಯೇ ಮುಟ್ಟಿ.

ಮಳೆಗಾಲದಲ್ಲಿ ಅಫಜಲಪುರ, ಜೇವರ್ಗಿ ಕಡೆ ಹೋಗುವವರಿಗೆ ಭೀಮೆಯ ಭಯವೂ ಇರಲಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಆ ಎರಡೂ ತಾಲೂಕುಗಳ ಊರುಗಳಿಗೆ ನುಗ್ಗಿತ್ತು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಿರುಗಿ, ಜೀವಕ್ಕಿಂತ ದೊಡ್ಡ ಕೆಲಸ ಯಾವುದೂ ಇಲ್ಲ. ನಿಂತ ನೀರಲ್ಲಿ ಇಂಜಿನ್ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಹೋಗಿದ್ದರೆ ಆ ಒಂದು ಸ್ಟಾರ್ಟ್ ಇಂಜಿನ್‌ನ ರಾಡನ್ನೇ ಬಗ್ಗಿಸುತ್ತದೆ. ಎಳೆಸಿಕೊಂಡು ಹೋಗುವುದೇ ಅಗ್ಗ.

ಓಡಿಸುವ ರೀತಿ

ಪೆಟ್ರೋಲ್ ಟರ್ಬೊದವರು ಒಂದು ವಿಷಯ ಗಮನಿಸಬೇಕು. ಚಾರ್ಮಾಡಿ ಘಾಟಿಯಲ್ಲಿ ಗೇರ್ ಇಳಿಸಲು ಉದಾಸೀನ ಮಾಡಿ, ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಧನ ಸಮಯಕ್ಕೆ ಮೊದಲೇ ಸಿಡಿಯಬಹುದು. ಪಿಸ್ಟನ್ ಒಡೆಯುವಷ್ಟು ಪೆಟ್ಟು ಅದು. ಗೇರ್ ಇಳಿಸಿ, ಇಂಜಿನ್ 2000 ಆರ್‌ಪಿಎಂ ಮೇಲೆ ಇರಲಿ. ಆಯಿಲ್ ಡಬ್ಬದ ಮೇಲೆ ‘ಎಪಿಐ ಎಸ್‌ಪಿ’ ಎಂದಿದ್ದರೆ ಅದು ಈ ತೊಂದರೆಯ ಪರೀಕ್ಷೆಯನ್ನೂ ದಾಟಿದ ಆಯಿಲ್. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಶೇ. 20ರವರೆಗೆ ಇರುತ್ತದೆ. ಕಬ್ಬಿನಿಂದಲೂ ಅದನ್ನು ತಯಾರಿಸುತ್ತಾರೆ. 2023ರ ಏಪ್ರಿಲ್‌ಗಿಂತ ಹಳೆಯ ಕಾರಾದರೆ ಎಷ್ಟು ಎಥನಾಲ್ ಅದಕ್ಕೆ ಸರಿ ಎಂದು ಪುಸ್ತಕದಲ್ಲಿ ನೋಡಿಕೊಳ್ಳಿ.

ಬಿಎಸ್-6 ಡೀಸೆಲ್‌ನವರ ಸಮಸ್ಯೆ ಬೇರೆ. ಸೈಲೆನ್ಸರ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದು ಬಿಸಿಯಾದಾಗ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮದ್ರಸ, ಮಾರ್ಕೆಟ್, ಮನೆ ಎಂದು ಸಣ್ಣ ಓಡಾಟದಲ್ಲಿ ಅದು ಬಿಸಿಯಾಗುವುದೇ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಅದರ ದೀಪ ಬಂದರೆ ಹದಿನೈದು ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ 60 ಕಿ.ಮೀ.ಗೂ ಮೇಲಿನ ವೇಗದಲ್ಲಿ ನಿಲ್ಲಿಸದೆ ಓಡಿಸಿ. ಇದಕ್ಕೆ ಕರಾವಳಿಗಿಂತ ಬಯಲಿನ ನೇರ ರಸ್ತೆಯೇ ಒಳ್ಳೆಯದು. ದೀಪವನ್ನು ತಿಂಗಳುಗಟ್ಟಲೆ ಕಡೆಗಣಿಸಿದರೆ ಫಿಲ್ಟರ್ ಕಟ್ಟಿ, ಹೊಗೆ ಹಿಂದಕ್ಕೆ ಒತ್ತಿ, ಟರ್ಬೊವರೆಗೂ ತೊಂದರೆ ಹೋಗುತ್ತದೆ. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡಿಸುವ ಮನೆಗೆ ಡೀಸೆಲ್ ಕಾರೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಹುಡುಗರಿಗೆ ಒಂದು ಮಾತು. ಕಂಪ್ಯೂಟರ್‌ನಲ್ಲಿ ‘ರೀಮ್ಯಾಪ್’ ಮಾಡಿಸಿ ಕಾರಿನ ಶಕ್ತಿ ಹೆಚ್ಚಿಸುವ ಚಟ ಬೇಡ. ಟರ್ಬೊ ತನ್ನ ಮಿತಿ ಮೀರಿ ತಿರುಗುತ್ತದೆ, ವಾರಂಟಿಯೂ ಹೋಗುತ್ತದೆ.

ಕಾರು ಹೇಳುವ ಮಾತು ಕೇಳಿ

ಟರ್ಬೊ ಹಾಳಾಗುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಸಣ್ಣ ಸಿಳ್ಳೆ ಸಹಜ, ಅದು ಸೈರನ್‌ನಂತೆ ಏರಿದರೆ ಎಚ್ಚರ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದು ಎಳೆತ ಕಡಿಮೆಯಾದರೆ ಗಾಳಿ ಸಾಲದು, ಎಲ್ಲೋ ಪೈಪ್ ಬಿರಿದಿರಬಹುದು. ಆಯಿಲ್ ಪದೇಪದೇ ಇಳಿಯುತ್ತಿದ್ದರೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿಸಿ. ಕೆಂಪು ಆಯಿಲ್ ದೀಪ ಬಂದರೆ ಮುಂದಿನ ಊರಿನವರೆಗೆ ಎಂದು ಓಡಿಸಬೇಡಿ, ಅಲ್ಲೇ ನಿಲ್ಲಿಸಿ.

ಡೀಸೆಲ್ ಕಾರಿನಲ್ಲಿ ಅಪರೂಪಕ್ಕೆ ಭಯಂಕರ ಪ್ರಸಂಗವೊಂದು ಬರುತ್ತದೆ. ಟರ್ಬೊದ ಸೀಲ್ ಒಡೆದು ಆಯಿಲ್ ಇಂಜಿನ್‌ಗೆ ನುಗ್ಗಿದರೆ ಇಂಜಿನ್ ಆ ಆಯಿಲ್‌ನಲ್ಲೇ ಓಡತೊಡಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ವೇಗ ತಾನಾಗಿ ಏರುತ್ತದೆ, ದಟ್ಟ ಹೊಗೆ ಬರುತ್ತದೆ. ಸಾಮಾನ್ಯ ಗೇರಿನ ಕಾರಾದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಇಂಜಿನ್ ಕೆಡಿಸಿ ನಿಲ್ಲಿಸಬೇಕು. ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ತೆರೆದು ಕೈ ಹಾಕಬೇಡಿ.

ಗ್ಯಾರೇಜಿನಲ್ಲಿ ‘ಟರ್ಬೊ ಹೋಗಿದೆ, ಹೊಸದು ಹಾಕಬೇಕು’ ಎಂದರೆ ಒಂದೇ ಪ್ರಶ್ನೆ ಕೇಳಿ: ‘ಯಾಕೆ ಹೋಯಿತು?’ ಆಯಿಲ್ ಬರುವ ಕೊಳವೆ ಕಟ್ಟಿದೆಯಾ, ಆಯಿಲ್ ಪಂಪಿನ ಜಾಲರಿಯಲ್ಲಿ ಕಿಟ್ಟ ಉಂಟಾ, ಫಿಲ್ಟರ್ ಪೈಪ್ ಬಿರಿದಿದೆಯಾ ಎಂದು ನೋಡದೆ ಹೊಸದು ಹಾಕಿದರೆ ಅದೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಹಳೇ ಟರ್ಬೊವನ್ನು ಕೈಗೆ ತೆಗೆದುಕೊಂಡು ನೋಡಿ. ಎಷ್ಟೋ ಸಲ ತೊಂದರೆ ಟರ್ಬೊದಲ್ಲಿ ಇರುವುದೇ ಇಲ್ಲ, ಒಂದು ಪೈಪ್ ಅಥವಾ ಸೆನ್ಸರ್‌ನಲ್ಲಿ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ನಮ್ಮ ಅನೇಕ ಮನೆಗಳ ಮೊದಲ ಕಾರು ಹಳೆಯದ್ದೇ. ಟರ್ಬೊ ಕಾರು ಕೊಳ್ಳುವಾಗ ಪೇಂಟ್‌ಗಿಂತ ಆಯಿಲ್ ಬದಲಿಸಿದ ಬಿಲ್‌ಗಳನ್ನು ಕೇಳಿ. ಬಿಲ್ ಇಲ್ಲದ ಕಡಿಮೆ ಕಿಲೋಮೀಟರ್ ಗಾಡಿಗಿಂತ ಬಿಲ್ ಇರುವ ಹೆಚ್ಚು ಕಿಲೋಮೀಟರ್ ಗಾಡಿ ಮೇಲು. ಇಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಪ್ಪು ಅಂಟು ಉಂಟಾ ನೋಡಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಸ್ಕ್ಯಾನರ್ ಹಾಕಿಸಿ, ಟರ್ಬೊದ ಪೈಪ್ ಬಿಚ್ಚಿ ಸಲಾಕೆ ಅಲುಗಾಡುತ್ತದಾ ಎಂದು ನೋಡಿಸಿ. ಅವರಿಗೆ ಕೊಡುವ ಸಾವಿರ ರೂಪಾಯಿ ದುಂದು ಅಲ್ಲ.

ಮಾರುವವರಿಗೂ ಇದೇ ಮಾತು. ಕೊಳ್ಳುವವರು ಹೆಚ್ಚಾಗಿ ನಮ್ಮಂಥದ್ದೇ ಒಂದು ಮನೆಯವರು. ಟರ್ಬೊ ಸದ್ದು ಮಾಡುತ್ತಿದೆ ಎಂದು ಗೊತ್ತಿದ್ದೂ ಹೇಳದೆ ಮಾರಿದರೆ, ಅವರು ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಹೊರಟು, ನಡು ಮಧ್ಯಾಹ್ನ ನೆರಳಿಲ್ಲದ ಬಯಲಿನಲ್ಲಿ ನಿಲ್ಲಬೇಕಾಗುತ್ತದೆ. ದೋಷ ಹೇಳಿ, ಬೆಲೆ ಸ್ವಲ್ಪ ಇಳಿಸಿ ಕೊಡುವುದರಲ್ಲಿ ಇಬ್ಬರಿಗೂ ಸಮಾಧಾನ.

ಹೊರಡುವ ಮುಂಚೆ

ಮುಂದಿನ ರಜೆಗೆ ಕಲಬುರಗಿ ಕಡೆ ಹೊರಡುವವರು ಒಂದು ವಾರ ಮೊದಲೇ ಇಷ್ಟು ಮಾಡಿಕೊಳ್ಳಿ: ಆಯಿಲ್ ಮಟ್ಟ ಮತ್ತು ಬದಲಿಸಿದ ತಾರೀಕು, ಏರ್ ಫಿಲ್ಟರ್, ಕೂಲೆಂಟ್, ರಬ್ಬರ್ ಪೈಪ್‌ಗಳು, ಡೀಸೆಲ್ ಆದರೆ ಡೀಸೆಲ್ ಫಿಲ್ಟರ್‌ನ ನೀರು. ಡಿಕ್ಕಿಯಲ್ಲಿ ನಿಮ್ಮ ಕಾರಿಗೆ ಹೊಂದುವ ಆಯಿಲ್ ಒಂದು ಲೀಟರ್, ಕೂಲೆಂಟ್ ಒಂದು ಲೀಟರ್ ಇರಲಿ. ದಾರಿಯ ಸಣ್ಣ ಊರುಗಳಲ್ಲಿ ಅದೇ ದರ್ಜೆಯದ್ದು ಸಿಗುವುದು ಖಚಿತವಿಲ್ಲ. ಕುಡಿಯುವ ನೀರನ್ನು ನಮಗೆ ಬೇಕೆನಿಸುವುದಕ್ಕಿಂತ ಎರಡು ಪಾಲು ಹೆಚ್ಚಿಗೆ ಇಟ್ಟುಕೊಳ್ಳಿ. ಹಿಂದಿರುಗಿ ಬಂದ ಮೇಲೆ ಏರ್ ಫಿಲ್ಟರ್ ಮುಚ್ಚಳ ಇನ್ನೊಮ್ಮೆ ತೆರೆದು ನೋಡಿ. ಅದರಲ್ಲಿ ಕೂತಿರುವ ಕಪ್ಪು ಧೂಳನ್ನು ಕಂಡರೆ ನಾವು ಇಷ್ಟು ಉದ್ದ ಬರೆದದ್ದು ಯಾಕೆ ಎಂದು ನಿಮಗೇ ಅರ್ಥವಾದೀತು.